ಬರಿಗೈಯಲ್ಲಿ ಹೋಗದ ಜೀಪು

೧೯೬೫ರ ಮಳೆಗಾಲ ಗೌರಿಬಿದನೂರು ತಾಲ್ಲೂಕಿನಲ್ಲಿ ಮಳೆಯಿಲ್ಲದೆ ಮುಗಿಯಿತು. ಮುಂಗಾರು ಮೋಡ ತೋರಿಸಿ ಹೋಯಿತು. ಹಿಂಗಾರು ಅದನ್ನೂ ತೋರಿಸಲಿಲ್ಲ. ಮರುವರ್ಷದ ಶಿವರಾತ್ರಿಯ ಹೊತ್ತಿಗೆ ನಗರಗೆರೆ ಹೋಬಳಿಯ ಕೆರೆಯಂಗಳಗಳಲ್ಲಿ ದನ ಮಲಗುತ್ತಿದ್ದವು. ಹೋಬಳಿಗೆ ಕುಡಿಯುವ ನೀರಿನ ಬಾವಿಯೊಂದು ಮಂಜೂರಾಗುತ್ತದೆ, ಬಂಡೆ ಸಿಡಿಸಿ ಸರ್ಕಾರವೇ ತೋಡಿಸಿಕೊಡುತ್ತದೆ ಎಂಬ ಸುದ್ದಿ ಬಂದಾಗ ಎಲ್ಲ ಊರುಗಳೂ ಕೈಯೊಡ್ಡಿದವು. ಸೋಸಿ ಸೋಸಿ ಕೊನೆಗೆ ಉಳಿದವು ಎರಡು: ಬಂಡೆಕುಂಟೆ ಮತ್ತು ಗುಡ್ಡದಾಚೆಯ ಈಚಲಹಳ್ಳಿ.

ಬಂಡೆಕುಂಟೆಯ ಪಂಚಾಯಿತಿ ಚೇರ್ಮನ್ ಚೆನ್ನರಾಯಪ್ಪ. ಈಚಲಹಳ್ಳಿಯ ಚೇರ್ಮನ್ ನರಸಿಂಹಪ್ಪ, ಚೆನ್ನರಾಯಪ್ಪನ ಹೆಂಡತಿ ರಾಮಲಕ್ಷ್ಮಮ್ಮನ ಒಡಹುಟ್ಟಿದ ಅಣ್ಣ. ಸಂಬಂಧ ಇಷ್ಟು ಹತ್ತಿರದ್ದಾದ್ದರಿಂದ ಇಬ್ಬರ ನಡುವಿನ ಹಗೆಗೆ ಬೇರೆ ಕಾರಣ ಬೇಕಿರಲಿಲ್ಲ.

ಚೆನ್ನರಾಯಪ್ಪನ ಮನೆಗೆ ಒಂದು ಪದ್ಧತಿಯಿತ್ತು. ಅವರ ಮನೆಗೆ ಬಂದ ಸರ್ಕಾರಿ ಮನುಷ್ಯ ಬರಿಗೈಯಲ್ಲಿ ಹಿಂತಿರುಗಿದ್ದಿಲ್ಲ. ಅವನ ತಾತನ ಕಾಲದಲ್ಲಿ ಶೇಕ್ದಾರರ ಕುದುರೆಗೆ ಹುರುಳಿ ಮೂಟೆ, ತಂದೆಯ ಕಾಲದಲ್ಲಿ ಅಮಲ್ದಾರರ ಗಾಡಿಗೆ ಬೆಲ್ಲದ ಅಚ್ಚು, ಇವನ ಕಾಲದಲ್ಲಿ ಜೀಪಿನ ಹಿಂದಿನ ಸೀಟಿಗೆ ತರಕಾರಿ. ಇದನ್ನು ಲಂಚವೆಂದರೆ ಚೆನ್ನರಾಯಪ್ಪ ಹೊಡೆಯಲು ಬರುತ್ತಿದ್ದ. ಲಂಚದಿಂದ ಕೆಲಸವಾಗುತ್ತದೆ, ಮೂರು ತಲೆಮಾರು ಕೊಟ್ಟ ಹುರುಳಿ ಬೆಲ್ಲ ತರಕಾರಿಗಳಿಂದ ಬಂಡೆಕುಂಟೆಗೆ ಒಂದು ರಸ್ತೆಯೂ ಬಂದಿರಲಿಲ್ಲ. ಆ ಮಟ್ಟಿಗೆ ಅವನ ಕೈ ಚೊಕ್ಕಟವಾಗಿತ್ತು.

ಆ ವರ್ಷ ಊರಿನಲ್ಲಿ ಕೊಡುವಂತಹ ತರಕಾರಿ ಇದ್ದದ್ದು ಒಂದೇ ಕಡೆ, ಅವನ ಮನೆಯ ಹಿತ್ತಲಿನಲ್ಲಿ. ಅದು ರಾಮಲಕ್ಷ್ಮಮ್ಮನ ರಾಜ್ಯ. ಗೋರಿಕಾಯಿ, ಅಲಸಂದೆ, ಗೋಂಗೂರ ಸೊಪ್ಪು, ಗೋಡೆಗೆ ಹಬ್ಬಿದ ತೊಂಡೆ, ಮೂಲೆಯಲ್ಲಿ ಎರಡು ನುಗ್ಗೆ ಮರ. ನೀರನ್ನು ಕಂಡರೆ ಮುಖ ತಿರುಗಿಸುವ ಜಾತಿಗಳೇ ಎಲ್ಲ. ತೊಂಡೆಯ ಬುಡದಲ್ಲಿ ಮಾತ್ರ ಹಳೆಯ ಮಡಕೆಗಳನ್ನು ಕತ್ತಿನವರೆಗೆ ಹೂತು, ಪಾತ್ರೆ ತೊಳೆದ ನೀರನ್ನು ಅದಕ್ಕೆ ತುಂಬಿ ಮೇಲೊಂದು ಚಪ್ಪಡಿ ಮುಚ್ಚುತ್ತಿದ್ದಳು. ಮಡಕೆ ಬೆವೆತು ಬೇರಿಗೆ ತೇವ ಕೊಡುತ್ತಿತ್ತು. ಉಳಿದ ಪಾತಿಗಳಿಗೆ ರಾಗಿ ಹುಲ್ಲಿನ ಹೊದಿಕೆ, ಅಷ್ಟೆ.

ತೋಟ ಚೆನ್ನಾಗಿತ್ತು. ಅದನ್ನು ರಾಮಲಕ್ಷ್ಮಮ್ಮ ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದೆ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಊರಿನ ಬೇರೆ ಹೆಂಗಸರು ಅದೇ ಬೀಜ ಕೇಳಿದಾಗ, "ನಿಮ್ ಕೈಗೆ ಬರಲ್ಲ ಬಿಡ್ರಮ್ಮ" ಎಂದು ಕಳಿಸುತ್ತಿದ್ದಳು. ಬರ ಅವಳ ಗರ್ವಕ್ಕೆ ಒಳ್ಳೆಯ ಗೊಬ್ಬರವಾಗಿತ್ತು.

ಆದರೆ ಗೋರಿಕಾಯಿ ಬೇಯಲೂ ನೀರು ಬೇಕು. ಮನೆಯ ಸೇದುವ ಬಾವಿ ಸಂಕ್ರಾಂತಿಗೆ ಮೊದಲೇ ಬತ್ತಿತ್ತು. ಮನೆಗೆಲಸದ ಕದಿರಮ್ಮ ಕೆರೆಯಂಗಳದ ಚಿಲುಮೆಯಿಂದ, ಅಂದರೆ ಮಣ್ಣು ತೋಡಿದ ಗುಂಡಿಯಿಂದ, ಚಿಪ್ಪಿನಲ್ಲಿ ನೀರು ಮೊಗೆದು ತರುತ್ತಿದ್ದಳು. ಒಂದು ಬಿಂದಿಗೆ ತುಂಬುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಬಾವಿ ಬರದಿದ್ದರೆ ತಾನು ಮಗಳ ಮನೆಗೆ ಹೋಗುವುದಾಗಿ ಕದಿರಮ್ಮ ಆಗಲೇ ಹೇಳಿಬಿಟ್ಟಿದ್ದಳು. ಅವಳು ಹೋದರೆ ಬಿಂದಿಗೆ ಹೊರಬೇಕಾದವಳು ರಾಮಲಕ್ಷ್ಮಮ್ಮ. ಚೇರ್ಮನ್ನರ ಹೆಂಡತಿ ಬಿಂದಿಗೆ ಹೊತ್ತು ಬೀದಿಯಲ್ಲಿ ನಡೆಯುವುದು ಆ ಮನೆಯಲ್ಲಿ ಯಾರೂ ಕಾಣದ ದೃಶ್ಯ. ಬಾವಿ ಬೇಕಾಗಿದ್ದುದು ಊರಿಗೆ. ಅದರ ಚಿಂತೆಯಲ್ಲಿ ನಿದ್ದೆ ಬಿಟ್ಟವಳು ಅವಳೊಬ್ಬಳೇ.

ಯಾವ ಊರಿಗೆ ಬಾವಿ ಎಂದು ತೀರ್ಮಾನಿಸಲು ಜಿಲ್ಲೆಯಿಂದ ಚನ್ನಕೇಶವ ಎಂಬ ಅಧಿಕಾರಿ ಬರುವವನಿದ್ದ. ಜನ ಅವನನ್ನು ಬರದ ಆಫೀಸರ್ ಎನ್ನುತ್ತಿದ್ದರು. ಅವನು ಬರುವ ಮುನ್ನಾದಿನ ಗ್ರಾಮಸೇವಕ ರಾಮಾಂಜಿನಪ್ಪ ಸೈಕಲ್ ತುಳಿದುಕೊಂಡು ಬಂದ.

"ನೋಡಿ ಚೇರ್ಮನ್ರೆ, ಸಾಹೇಬ್ರು ಈಚಲಹಳ್ಳಿ ನೋಡಿ ಆಯ್ತು. ನಿಮ್ ಬಾವ ಏನ್ ಆಟ ಕಟ್ಟಿದ್ರು ಗೊತ್ತಾ? ಅಂಗಳ ಸಾರಿಸಿರ್ಲಿಲ್ಲ. ನೀರ್ ಮಜ್ಜಿಗೆ ಕೊಟ್ರು, ಅದೂ ಒಂದೇ ಲೋಟ. 'ಕ್ಷಮಿಸ್ಬೇಕು ಸ್ವಾಮಿ, ಎರಡನೇ ಲೋಟ ತೊಳೆಯೋಕ್ ನೀರಿಲ್ಲ' ಅಂದ್ರು."

"ಅವ್ನ ಮನೇಲಿ ಎಮ್ಮೆ ಎರಡು ಕರೀತವೆ ಕಣೋ!" ಎಂದ ಚೆನ್ನರಾಯಪ್ಪ.

"ಎಮ್ಮೇನ ಗುಡ್ಡದ್ ಮೇಲಕ್ಕೆ ಹೊಡ್ಸಿದ್ರು. ಜೀಪಿಗೆ ಒಂದು ಕಡ್ಡೀನೂ ಹಾಕ್ಲಿಲ್ಲ. ನೀವೂ ಅಷ್ಟೇ ಮಾಡ್ಬೇಕು. ಹಿತ್ತಲ ಬಾಗಿಲು ಹಾಕಿ. ತೋಟ ಅನ್ನೋ ಮಾತೇ ಎತ್ತಬೇಡಿ."

"ಜೀಪು ಖಾಲಿ ಕಳಿಸ್ದನಾ? ಥೂ," ಎಂದ ಚೆನ್ನರಾಯಪ್ಪ. ಅವನ ದನಿಯಲ್ಲಿ ನಿಜವಾದ ನೋವಿತ್ತು.

ಬಾಗಿಲ ಮರೆಯಲ್ಲಿದ್ದ ರಾಮಲಕ್ಷ್ಮಮ್ಮ ಗಂಡನಿಗೆ ಕೇಳುವಂತೆ ಹೇಳಿದಳು: "ಬಾಗ್ಲು ನಾನೇ ಹಾಕ್ತೀನಿ. ಒಂದ್ ದಿನ ಬಾಯ್ ಮುಚ್ಕೊಂಡಿದ್ರೆ ಊರಿಗ್ ನೀರ್ ಬರ್ತದೆ. ನಿಮ್ ಕೈಲಿ ಆಗ್ತದಾ?"

"ನನ್ ಬಾಯಿ ವಿಷ್ಯ ಬಿಡು. ನಿನ್ದು ನೋಡ್ಕೊ."

ಮರುದಿನ ಎಲ್ಲವೂ ಸರಿಯಾಗಿಯೇ ನಡೆಯಿತು, ಕೊನೆಯ ಐದು ನಿಮಿಷದ ಹೊರತು. ಚನ್ನಕೇಶವ ತಂಪು ಕನ್ನಡಕ ಹಾಕಿಕೊಂಡು ಕೆರೆಯಂಗಳದ ಗುಂಡಿಯನ್ನು ನೋಡಿದ. ಚಿಪ್ಪಿನಲ್ಲಿ ಮೊಗೆಯುತ್ತಿದ್ದ ಹೆಂಗಸರನ್ನು ನೋಡಿ ತಲೆಯಾಡಿಸಿದ. ಕದಿರಮ್ಮ ಅವನೆದುರೇ, "ಸ್ವಾಮಿ, ಒಂದ್ ಗುಟುಕು ಕುಡೀರಿ, ಆಮೇಲೆ ಬರ್ಕೊಳ್ಳಿ," ಎಂದು ಕೆಸರು ನೀರಿನ ಚಿಪ್ಪು ಹಿಡಿದಾಗ ಎರಡು ಹೆಜ್ಜೆ ಹಿಂದೆ ಸರಿದ. ಅದು ಬಂಡೆಕುಂಟೆಯ ಪರವಾಗಿ ನುಡಿದ ಅತ್ಯಂತ ಒಳ್ಳೆಯ ಸಾಕ್ಷಿ.

"ಈ ಊರಿನ ಸ್ಥಿತಿ ಈಚಲಹಳ್ಳಿಗಿಂತ ಕೆಟ್ಟದಾಗಿದೆ," ಎಂದ ಚನ್ನಕೇಶವ ಜೀಪು ಹತ್ತುತ್ತ. "ನಾನು ಬರೆಯುತ್ತೇನೆ."

ಚೆನ್ನರಾಯಪ್ಪ ಕೈ ಮುಗಿದ. ಡ್ರೈವರ್ ಜೀಪು ಚಾಲೂ ಮಾಡಿದ. ಹಿಂದಿನ ಸೀಟು ಖಾಲಿಯಾಗಿತ್ತು. ಚೆನ್ನರಾಯಪ್ಪ ಆ ಸೀಟನ್ನು ನೋಡಿದ, ಇನ್ನೊಮ್ಮೆ ನೋಡಿದ. ತನ್ನ ಮನೆಯ ಮುಂದಿನಿಂದ ಜೀಪೊಂದು ಹೀಗೆ ಹೋಗುವುದನ್ನು ಊರೆಲ್ಲ ನೋಡುತ್ತಿದೆ ಎಂಬುದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಊರಿಗೆ ಬೇಕಾದದ್ದು ನೀರು ಎಂಬುದು ಆ ಕ್ಷಣದಲ್ಲಿ ಅವನಿಗೆ ಹೊಳೆಯಲಿಲ್ಲ.

"ಒಂದ್ ನಿಮಿಷ ಸ್ವಾಮಿ," ಎಂದು ಒಳಗೆ ಓಡಿದ.

ಹೊರಬಂದಾಗ ಅವನ ಹೆಗಲ ಮೇಲೆ ಬೆಳಿಗ್ಗೆ ಕೊಯ್ದು ಒಳಗಿಟ್ಟಿದ್ದ ಒಂದು ಚೀಲವಿತ್ತು. ಗೋರಿಕಾಯಿ ತುಂಬಿ ಬಾಯಿಯಿಂದ ಹೊರಗೆ ಇಣುಕುತ್ತಿದ್ದವು. ಕಂಕುಳಲ್ಲಿ ನುಗ್ಗೆಕಾಯಿಯ ಕಟ್ಟು. ರಾಮಾಂಜಿನಪ್ಪ ಕಣ್ಣು ಮುಚ್ಚಿಕೊಂಡ.

ಚನ್ನಕೇಶವ ಕನ್ನಡಕ ತೆಗೆದ. ಒಂದು ಗೋರಿಕಾಯಿ ಮುರಿದ. ಅದು ಪಟ್ಟನೆ ಮುರಿಯಿತು. "ಇದು ಎಲ್ಲಿಯದು?"

"ಮನೇದೇ ಸ್ವಾಮಿ. ನಮ್ ಹಿತ್ತಲಿಂದು."

"ಈ ಬರದಲ್ಲೇ?"

ಈಗಲೂ ದಾರಿಯಿತ್ತು. ಸಂತೆಯಿಂದ ತಂದದ್ದು ಎಂದು ಹೇಳಬಹುದಾಗಿತ್ತು. ಆದರೆ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ರಾಮಲಕ್ಷ್ಮಮ್ಮ ಆಗ ಹೊರಗೆ ಬಂದಳು. ಗಂಡನ ತಪ್ಪನ್ನು ಮುಚ್ಚಲು ಬಂದಳೆಂದು ರಾಮಾಂಜಿನಪ್ಪನಿಗೆ ಒಂದು ಗಳಿಗೆ ಆಸೆ ಹುಟ್ಟಿತು.

"ನೀರಿದ್ರೆ ಯಾರ್ ಬೇಕಾದ್ರೂ ಬೆಳೀತಾರೆ ಸ್ವಾಮಿ," ಎಂದಳು ರಾಮಲಕ್ಷ್ಮಮ್ಮ. "ಇದಕ್ಕೆ ನಾನು ನೀರೇ ಹಾಕಲ್ಲ. ಬನ್ನಿ, ತೋರಿಸ್ತೀನಿ."

ಹಿತ್ತಲ ಬಾಗಿಲನ್ನು ಅವಳೇ ತೆರೆದಳು. ಹೂತ ಮಡಕೆಯ ಚಪ್ಪಡಿಯನ್ನು ಅವಳೇ ಎತ್ತಿ ತೋರಿಸಿದಳು. ಹುಲ್ಲು ಸರಿಸಿ, ಮಣ್ಣು ಹಿಡಿದು, ತೇವ ಮುಟ್ಟಿ ನೋಡಲು ಹೇಳಿದಳು. ಸುತ್ತಮುತ್ತಲಿನ ಯಾವ ಊರಿನಲ್ಲೂ ಇಂತಹದು ಇಲ್ಲ, ತನ್ನ ತವರಿನಲ್ಲಂತೂ ಒಂದು ಸೊಪ್ಪೂ ಇಲ್ಲ ಎಂದಳು. ತವರು ಎಂದರೆ ಈಚಲಹಳ್ಳಿ.

ಚನ್ನಕೇಶವ ಬಹಳ ಸಂತೋಷಪಟ್ಟು, ಚೀಲವನ್ನೂ ಕಟ್ಟನ್ನೂ ತೆಗೆದುಕೊಂಡು ಹೋದ.

ಹದಿನೈದು ದಿನ ಕಳೆಯುವುದರೊಳಗೆ ತೀರ್ಮಾನ ಬಂತು. ಬಾವಿ ಈಚಲಹಳ್ಳಿಗೆ. ಬಂಡೆಕುಂಟೆಗೆ ಒಂದು ಬಿರುದು: ಬರವನ್ನು ಗೆದ್ದ ಮಾದರಿ ಗ್ರಾಮ. ಊರ ಬಾಗಿಲಲ್ಲಿ ನೀಲಿ ಬಣ್ಣದ ಹಲಗೆಯೊಂದನ್ನು ನೆಟ್ಟರು. ಅದನ್ನು ನೆಡಲು ಕಲಸಿದ ಗಾರೆಗೆ ಬೇಕಾದ ನೀರನ್ನು ಕದಿರಮ್ಮ ಹೊತ್ತು ತಂದಳು.

"ಬೋರ್ಡು ಚೆನ್ನಾಗೈತೆ ಕಣಮ್ಮ," ಎಂದಳು ಅವಳು ರಾಮಲಕ್ಷ್ಮಮ್ಮನಿಗೆ. "ನೆಕ್ಕಿದ್ರೆ ಬಾಯಾರಿಕೆ ಹೋಗ್ತದೇನೋ, ಕೇಳಿ ನೋಡು ನಿನ್ ಗಂಡನ್ನ."

"ಬಾಯ್ ಮುಚ್ಚೇ."

"ನಾನ್ ಮುಚ್ಕೊಂಡೇ ಇದ್ದೆ. ತೆಗ್ದಿದ್ದು ನಿನ್ ಹಿತ್ತಲ ಬಾಗ್ಲು."

ಆ ವಾರವೇ ಕದಿರಮ್ಮ ಮಗಳ ಮನೆಗೆ ಹೊರಟುಹೋದಳು. ರಾಮಲಕ್ಷ್ಮಮ್ಮ ಬಿಂದಿಗೆ ಎತ್ತಿದಳು. ಮೊದಲ ದಿನ ಹಿತ್ತಲ ದಾರಿಯಿಂದ ಸುತ್ತು ಹಾಕಿ ಹೋದಳು. ಸುತ್ತು ಹಾಕಿ ಬಂದಾಗ ಅರ್ಧ ನೀರು ಚೆಲ್ಲಿತ್ತು. ಮರುದಿನದಿಂದ ಬೀದಿಯಲ್ಲೇ ನಡೆದಳು. ಜನ ನೋಡಿದರು. ಕೆಲವರು ಎದ್ದು ನಿಂತು ನೋಡಿದರು.

ಮಾದರಿ ಗ್ರಾಮ ಎಂದ ಮೇಲೆ ನೋಡಲು ಜನ ಬರಬೇಕಲ್ಲ. ಬಂದರು. ಚಿಂತಾಮಣಿಯಿಂದ ಸಮಾಜ ಶಿಕ್ಷಣದವರು, ಶಿಡ್ಲಘಟ್ಟದಿಂದ ಮಹಿಳಾ ಮಂಡಳಿಯವರು, ಚಿಕ್ಕಬಳ್ಳಾಪುರದಿಂದ ಕೃಷಿ ಪ್ರದರ್ಶನದವರು. ಎಲ್ಲರೂ ಹಿತ್ತಲಿನಲ್ಲಿ ನಿಂತು ಬರವನ್ನು ಹೊಗಳಿದರು. ಎಲ್ಲರಿಗೂ ಕುಡಿಯಲು ನೀರು ಕೊಡಬೇಕಾಗಿತ್ತು. ಎಲ್ಲರ ವಾಹನವೂ ಭರ್ತಿಯಾಗಿಯೇ ಹೋಗಬೇಕಾಗಿತ್ತು. ಶಿಡ್ಲಘಟ್ಟದ ಶ್ಯಾಮಲಮ್ಮ ಎಂಬ ಮಂಡಳಿಯ ಅಧ್ಯಕ್ಷೆ, ಮುಡಿಯ ತುಂಬ ಕನಕಾಂಬರ ಮುಡಿದವಳು, ಬೀಜಕ್ಕೆಂದು ಬಿಟ್ಟಿದ್ದ ಅಲಸಂದೆಯ ಒಣಗಿದ ಕಾಯಿಗಳನ್ನೂ ಬಿಡದೆ ಸೆರಗಿಗೆ ಕಿತ್ತುಕೊಂಡು, "ನಮ್ಮ ಸದಸ್ಯೆಯರಿಗೆ ಪ್ರೋತ್ಸಾಹ ಆಗುತ್ತೆ," ಎಂದಳು. ಅವಳು ಕುಡಿದು ಉಳಿಸಿದ ಅರ್ಧ ಲೋಟ ನೀರನ್ನು ಅಂಗಳಕ್ಕೆ ಚೆಲ್ಲಿದಾಗ ರಾಮಲಕ್ಷ್ಮಮ್ಮ ಮುಖ ಆಚೆ ತಿರುಗಿಸಿದಳು.

ಇಷ್ಟಾಗಿಯೂ ಒಂದು ಅವಕಾಶ ಉಳಿದಿತ್ತು. ಏಪ್ರಿಲ್ ತಿಂಗಳಲ್ಲಿ ರಾಮಾಂಜಿನಪ್ಪ ಇನ್ನೊಂದು ಸುದ್ದಿ ತಂದ. ಹೋಬಳಿಗೆ ಎರಡನೇ ಬಾವಿ ಬರುತ್ತದೆ. ಅದೇ ಚನ್ನಕೇಶವ ಇನ್ನೊಮ್ಮೆ ನೋಡಿ ಬರೆಯುತ್ತಾನೆ. ತೋಟ ಒಣಗಿದ್ದರೆ ಬಂಡೆಕುಂಟೆಗೇ ಖಾತ್ರಿ.

"ಒಣಗಿಸೋದು ಏನ್ ಕಷ್ಟ?" ಎಂದ ಚೆನ್ನರಾಯಪ್ಪ. "ನೀರ್ ನಿಲ್ಸಿದ್ರಾಯ್ತು."

ನೀರು ನಿಲ್ಲಿಸಿದರು. ತೊಂಡೆಯ ಮಡಕೆಗಳನ್ನು ಕಿತ್ತು ಹಾಕಿದರು. ಹುಲ್ಲಿನ ಹೊದಿಕೆ ತೆಗೆದು ಹಸುವಿಗೆ ಹಾಕಿದರು. ತೊಂಡೆ ಎಲೆ ಉದುರಿಸಿತು. ಗೋರಿಕಾಯಿ ಮಾತ್ರ ಎಲೆ ಚಿಕ್ಕದು ಮಾಡಿಕೊಂಡು ಕಾಯಿ ಬಿಡುತ್ತಲೇ ಹೋಯಿತು. ನುಗ್ಗೆ ಮರವಂತೂ ಬಿಸಿಲು ಹೆಚ್ಚಿದಷ್ಟೂ ಕಾಯಿ ತೂಗುಹಾಕಿತು. ಗಂಡ ಹೆಂಡತಿ ಹಿತ್ತಲಿನಲ್ಲಿ ನಿಂತು, ಸಾಯಲು ಒಪ್ಪದ ಗಿಡಗಳನ್ನು ದಿನವೂ ನೋಡಿ ಬೈದುಕೊಳ್ಳುತ್ತಿದ್ದರು. ಬರ ತಾಳುವ ತರಕಾರಿಯ ಗುಣವನ್ನು ಇಷ್ಟು ಶ್ರದ್ಧೆಯಿಂದ ಪರೀಕ್ಷಿಸಿದವರು ತಾಲ್ಲೂಕಿನಲ್ಲಿ ಇನ್ನಾರೂ ಇರಲಿಲ್ಲ.

"ಏನ್ ಗಿಡ ಬೆಳೆದಿದೀಯೇ ತಾಯಿ! ಕಿತ್ತು ಬಿಸಾಕು," ಎಂದ ಚೆನ್ನರಾಯಪ್ಪ.

"ಕಾಯಿ ಬಿಟ್ಟ ಗಿಡ ಕೀಳ್ತಾರಾ ಯಾರಾದ್ರೂ?"

"ಹಂಗಾದ್ರೆ ಬಿಂದಿಗೆ ಹೊತ್ಕೊ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಿನ ತುದಿಯಿಂದ ಗೋರಿಕಾಯಿ ಗಿಡಗಳನ್ನು ಒಂದೊಂದಾಗಿ ಕಿತ್ತಳು. ಬೇರುಗಳು ಉದ್ದವಾಗಿದ್ದವು, ಎರಡು ಕೈ ಹಾಕಿ ಜಗ್ಗಬೇಕಾಯಿತು. ಅಲಸಂದೆ, ಗೋಂಗೂರ ಎಲ್ಲ ಕಿತ್ತಳು. ನುಗ್ಗೆಯ ಕೊಂಬೆಗಳನ್ನು ಗಂಡನ ಕೈಯಲ್ಲಿ ಕಡಿಸಿದಳು. ಬೀಜಕ್ಕೆ ಒಂದು ಕಾಯಿಯನ್ನೂ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡರೆ ಮತ್ತೆ ಬಿತ್ತುತ್ತೇನೆಂಬ ಹೆದರಿಕೆ ಇತ್ತೋ ಏನೋ. ಹಸು ಮೂರು ಹೊತ್ತು ಅದನ್ನೇ ತಿಂದಿತು.

ಚನ್ನಕೇಶವ ಬರುವುದಕ್ಕೆ ಮುಂಚಿನ ಗುರುವಾರ ಚೆನ್ನರಾಯಪ್ಪ ಗೌರಿಬಿದನೂರಿಗೆ ಹೋಗಿದ್ದ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನರಸಿಂಹಪ್ಪ ಸಿಕ್ಕಿದ. ಅವನ ಊರಿನ ಬಾವಿಯಲ್ಲಿ ಆಗಲೇ ನೀರು ಬಿದ್ದಿತ್ತು.

"ಏಮಿ ಬಾವ, ತೋಟ ಕಿತ್ತಾಕಿದ್ರಂತೆ?" ಎಂದ ನರಸಿಂಹಪ್ಪ ಎಲ್ಲರಿಗೂ ಕೇಳುವಂತೆ. "ಬುದ್ಧಿ ಬಂತು ಬಿಡು. ಆದ್ರೆ ಪಾಪ, ಈ ಸಲ ಆಫೀಸರ್ ಜೀಪಿಗೆ ಏನ್ ಹಾಕ್ತೀಯ? ನಿಮ್ ತಾತ, ನಿಮ್ಮಪ್ಪ, ಎಂಥಾ ಮನೆ! ನಿನ್ ಕಾಲಕ್ಕೆ ಖಾಲಿ ಜೀಪು ನೋಡೋ ಗತಿ ಬಂತಲ್ಲಪ್ಪ."

"ನೀನ್ ಕಳಿಸ್ಲಿಲ್ವಾ ಖಾಲಿ?"

"ನಾನ್ ಕಳಿಸ್ತೀನಪ್ಪ. ನಮ್ದೇನ್ ದೊಡ್ಡ ಮನೇನಾ? ನಿಮ್ ಮನೆಗೆ ಹೆಣ್ ಕೊಟ್ಟು ಹೆಸರು ಮಾಡ್ಕೊಂಡೋರು ನಾವು."

ಹೋಟೆಲಿನಲ್ಲಿ ನಾಲ್ಕು ಜನ ನಕ್ಕರು. ನರಸಿಂಹಪ್ಪ ಯಾಕೆ ಹೀಗೆ ಹೇಳುತ್ತಿದ್ದಾನೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಪಕ್ಕದ ಊರಿಗೂ ಬಾವಿ ಬಂದರೆ, ನೀರಿಗಾಗಿ ತನ್ನ ಊರಿಗೆ ಬಂದು ನಿಲ್ಲುವವರು ಯಾರು? ಆದರೆ ಚೆನ್ನರಾಯಪ್ಪ ಯೋಚಿಸಲು ಕೂರುವ ಮನುಷ್ಯನಲ್ಲ. ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದ.

ಸೋಮವಾರ ಚನ್ನಕೇಶವ ಬಂದ. ಹಿತ್ತಲು ಬೋಳಾಗಿತ್ತು. ಬಿಸಿಲಿಗೆ ಮಣ್ಣು ಬಿರುಕು ಬಿಟ್ಟಿತ್ತು. ನುಗ್ಗೆಯ ಮೋಟು ಕಾಂಡ ನೋಡಿ ಅವನು ಲೊಚಗುಟ್ಟಿದ.

"ಎಂಥ ತೋಟ ಇತ್ತು! ಎಲ್ಲ ಹೋಯಿತೇ?"

"ಎಲ್ಲಾ ಹೋಯ್ತು ಸ್ವಾಮಿ," ಎಂದಳು ರಾಮಲಕ್ಷ್ಮಮ್ಮ. ಈ ಸಲ ಅವಳು ಅಷ್ಟೇ ಹೇಳಿದಳು. ಮಡಕೆಯ ಮಾತು ಎತ್ತಲಿಲ್ಲ. ತನ್ನ ಕೈಗುಣದ ಮಾತು ಎತ್ತಲಿಲ್ಲ. ಹೊಸಲಿನ ಪಕ್ಕದಲ್ಲಿದ್ದ ಖಾಲಿ ಬಿಂದಿಗೆಯನ್ನು ತೋರಿಸಿ ಒಳಗೆ ಹೋದಳು.

"ಇದು ನಿಜವಾದ ಬರ," ಎಂದ ಚನ್ನಕೇಶವ ರಾಮಾಂಜಿನಪ್ಪನಿಗೆ. "ಇನ್ನು ಅನುಮಾನವಿಲ್ಲ." ರಾಮಾಂಜಿನಪ್ಪ ಉಸಿರು ಬಿಟ್ಟ.

ಅವರು ಬೀದಿಗೆ ಬಂದಾಗ ಜೀಪಿನ ಹಿಂದಿನ ಸೀಟಿನಲ್ಲಿ ಎಲೆಕೋಸುಗಳಿದ್ದವು. ಸೀಟಿನ ಮೇಲೆ ಹಿಡಿಸದೆ ಕೆಳಗೂ ಇದ್ದವು. ದಪ್ಪ, ಬಿಗಿ, ತಣ್ಣನೆಯ ಎಲೆಕೋಸು. ಪಕ್ಕದಲ್ಲಿ ಎರಡು ಮಂಕರಿ ಟೊಮೇಟೊ, ಒಂದು ಮೂಟೆ ಆಲೂಗಡ್ಡೆ. ಚೆನ್ನರಾಯಪ್ಪ ಹಿಂದಿನ ದಿನ ಚಿಕ್ಕಬಳ್ಳಾಪುರದವರೆಗೆ ಹೋಗಿ, ಸಂಜೆಯ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ದನದ ಕೊಟ್ಟಿಗೆಯಲ್ಲಿ ಗೋಣಿತಾಟು ಮುಚ್ಚಿಟ್ಟಿದ್ದ. ಎಲೆಕೋಸು ಬಾಡಬಾರದೆಂದು ತಾಟಿನ ಮೇಲೆ ನೀರು ಚಿಮುಕಿಸಿದ್ದ. ಆ ನೀರು ಹೆಂಡತಿ ಬೆಳಿಗ್ಗೆ ಹೊತ್ತು ತಂದದ್ದು.

ಚನ್ನಕೇಶವ ಒಂದು ಎಲೆಕೋಸನ್ನು ಎತ್ತಿ ತೂಗಿ ನೋಡಿದ. ಅದರ ಎಲೆಯ ಮೇಲೆ ಹನಿಯಿತ್ತು.

"ಚೇರ್ಮನ್ನರೇ," ಎಂದ ನಗುತ್ತ, "ತೋಟ ಒಣಗಿಸಿ ತೋರಿಸಿದಿರಿ. ಇದನ್ನೆಲ್ಲಿ ಬೆಳೆದಿರಿ?"

"ಬೆಳೆದಿದ್ದಲ್ಲ ಸ್ವಾಮಿ, ಕೊಂಡಿದ್ದು! ಆಣೆ ಮಾಡಿ ಹೇಳ್ತೀನಿ."

"ಇಷ್ಟನ್ನು ಕೊಂಡು ದಾನ ಮಾಡುವ ಊರಿಗೆ ಸರ್ಕಾರದ ಬಾವಿ ಬೇಕೇ? ಒಂದು ನೀವೇ ತೋಡಿಸಿಕೊಳ್ಳಬಹುದಲ್ಲ." ಅವನು ಎಲೆಕೋಸನ್ನು ಜೀಪಿನೊಳಗೇ ಇಟ್ಟು ಹತ್ತಿ ಕೂತ. ಎಲೆಕೋಸು ಜೀಪಿನಲ್ಲಿ ಹೋಯಿತು. ಎರಡನೇ ಬಾವಿ ಮತ್ತೊಂದು ಊರಿಗೆ ಹೋಯಿತು.

ಜೀಪಿನ ಧೂಳು ಇಳಿದ ಮೇಲೆ ಚೆನ್ನರಾಯಪ್ಪ ರಾಮಾಂಜಿನಪ್ಪನ ಕಡೆ ತಿರುಗಿದ. "ಏನೇ ಆಗ್ಲಿ, ತುಂಬಿಸ್ಕೊಂಡೇ ಹೋದ," ಎಂದ. ರಾಮಾಂಜಿನಪ್ಪ ಸೈಕಲ್ ಹತ್ತಿದ.

ಮನೆಯೊಳಗೆ ರಾಮಲಕ್ಷ್ಮಮ್ಮ ಟ್ರಂಕಿಗೆ ಸೀರೆ ತುಂಬುತ್ತಿದ್ದಳು.

"ಎಲ್ಲಿಗೆ?"

"ಈಚಲಹಳ್ಳಿಗೆ. ಅಲ್ಲಿ ಬಾವಿ ಐತೆ."

"ನಿಮ್ಮಣ್ಣ ನಗ್ತಾನೆ ಕಣೇ! ಮಾನ ಹೋಗ್ತದೆ."

"ನಗ್ಲಿ. ಅವನು ನಗೋದ್ ಕೇಳ್ತಾ ಎರಡ್ ತಂಬಿಗೆ ನೀರ್ ಜಾಸ್ತಿ ಹುಯ್ಕೊಂಡು ಸ್ನಾನ ಮಾಡ್ತೀನಿ."

"ಬೀದೀಲಿ ಜನ ಅವ್ರೆ. ಹಿತ್ತಲ ಕಡೆಯಿಂದ ಹೋಗು. ಬರೋರು ಹೋಗೋರಿಗೆ ನಾನ್ ಏನ್ ಹೇಳ್ಲಿ? ಬೋರ್ಡ್ ನೋಡ್ಕೊಂಡು ಜನ ಬರ್ತಾರಲ್ಲೇ, ತೋಟ ಎಲ್ಲಿ ಅಂತಾರೆ, ಕುಡಿಯೋಕ್ ಕೇಳ್ತಾರೆ."

"ನೀವೇ ಚಿಲುಮೆಗೆ ಹೋಗಿ ತಂದು ಕೊಡಿ," ಎಂದು ರಾಮಲಕ್ಷ್ಮಮ್ಮ ಟ್ರಂಕಿನ ಚಿಲಕ ಹಾಕಿದಳು. "ಚಿಪ್ಪು ಅಲ್ಲೇ ಗುಂಡಿ ಪಕ್ಕ ಐತೆ. ಮಳೆ ಬಂದ್ರೆ ಹೇಳಿಕಳ್ಸಿ, ಬರ್ತೀನಿ."

ಅವಳು ಮುಂಬಾಗಿಲಿನಿಂದಲೇ ಹೋದಳು. ಆ ವರ್ಷ ಮುಂಗಾರು ತಡವಾಗಿ ಬಂತು.